ಕಡಲ ಬೆಳೆಯ ಬಿತ್ತನೆ

ನಮ್ಮ ಊರುಗಳ ದಿನಸಿ ಅಂಗಡಿಗಳಲ್ಲಿ ‘ಚೈನಾ ಗ್ರಾಸ್’ ಎಂಬ ಹೆಸರಿನ ಒಂದು ಪದಾರ್ಥವು ದೊರೆಯುತ್ತದೆ. ಬೆಳ್ಳಗೆ, ಹಗುರವಾಗಿ, ಒಣಗಿದ ಹುರಿಯಂತೆ ಇರುವ ಇದನ್ನು ನೀರಿನಲ್ಲಿ ಕುದಿಸಿ, ಹಾಲು ಸಕ್ಕರೆಗಳನ್ನು ಬೆರಸಿ ಆರಲು ಬಿಟ್ಟರೆ, ತಟ್ಟೆಯಲ್ಲಿ ನಡುಗುವಂಥ ಮೃದುವಾದ ಸಿಹಿತಿಂಡಿಯಾಗುತ್ತದೆ. ಇದು ಚೀನಾದ ಹುಲ್ಲಲ್ಲ. ಯಾವ ನೆಲದ ಹುಲ್ಲೂ ಅಲ್ಲ. ಕೆಂಪು ಜಾತಿಯ ಕೆಲವು ಕಡಲಪಾಚಿಗಳನ್ನು ಬೇಯಿಸಿ ತೆಗೆದ ಅಂಟು. ಶಾಸ್ತ್ರಜ್ಞರು ಇದನ್ನು ಅಗರ್ ಎಂದು ಕರೆಯುತ್ತಾರೆ. ೧೮೮೧ರ ಸುಮಾರಿನಲ್ಲಿ ಜರ್ಮನಿಯಲ್ಲಿ ಫ್ಯಾನಿ ಹೆಸ್ಸೆ ಎಂಬ ಗೃಹಿಣಿಯು, ಬೇಸಗೆಯ ಸೆಕೆಗೂ ಕರಗದ ಈ ಅಡಿಗೆಮನೆಯ ಅಂಟಿನ ವಿಷಯವನ್ನು ತನ್ನ ಪತಿಗೆ ತಿಳಿಸಿದಳು. ಆತನು ಪ್ರಸಿದ್ಧನಾದ ರಾಬರ್ಟ್ ಕಾಖ್‌ನ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದನು. ಅಂದಿನಿಂದ ಇಂದಿನವರೆಗೂ ರೋಗಾಣುಗಳನ್ನು ಬೆಳೆಸಿ ನೋಡುವ ಗಾಜಿನ ತಟ್ಟೆಗಳಲ್ಲಿ ಅಗರೇ ಹಾಸಾಗಿದೆ. ಸಮುದ್ರದಿಂದ ಮುನ್ನೂರು ಕಿಲೋಮೀಟರು ದೂರದಲ್ಲಿದ್ದು, ಅದನ್ನು ಎಂದೂ ಕಣ್ಣಿನಿಂದ ಕಾಣದವರೂ ಕೂಡ ಹೀಗೆ ಕಡಲಪಾಚಿಗೆ ಋಣಿಗಳಾಗಿದ್ದಾರೆ.

ಕಡಲಪಾಚಿಗೆ ನಿಜವಾದ ಬೇರಿಲ್ಲ, ಹೂವಿಲ್ಲ, ಕಾಯಿಲ್ಲ. ಬಂಡೆಯನ್ನು ಹಿಡಿದುಕೊಳ್ಳುವ ಒಂದು ಅಂಟುಪಾದವುಂಟು. ಆಹಾರವನ್ನು ಮೈಯೆಲ್ಲದರಿಂದಲೂ ನೀರಿನಿಂದಲೇ ಹೀರಿಕೊಳ್ಳುತ್ತದೆ. ಬೀಜಕ್ಕೆ ಬದಲಾಗಿ ಕಣ್ಣಿಗೆ ಕಾಣಿಸದಷ್ಟು ಸಣ್ಣವಾದ ಬೀಜಾಣುಗಳನ್ನು ನೀರಿನಲ್ಲಿ ಚೆಲ್ಲುತ್ತದೆ. ಬೀಜವನ್ನು ಬೊಗಸೆಯಲ್ಲಿ ಹಿಡಿಯಲಾಗದ ಇಂಥ ಗಿಡವನ್ನು ಬಿತ್ತುವುದು ಹೇಗೆ, ಮತ್ತು ಬಿತ್ತನೆಯನ್ನು ಕೆಟ್ಟ ಋತುವಿನಲ್ಲಿ ಎಲ್ಲಿ ಕಾಪಾಡಿ ಇಡುವುದು ಹೇಗೆ, ಎಂಬುದೇ ನಾವು ಇಲ್ಲಿ ವಿವರಿಸಬೇಕೆಂದಿರುವ ವಿಷಯ.

ಪ್ರಶ್ನೆಯು ಸಣ್ಣದೆಂದು ತೋರಬಹುದು. ಆದರೆ ೧೯೬೯ರಲ್ಲಿ ಪ್ರಪಂಚದಲ್ಲಿ ದೊರೆತ ಕಡಲಪಾಚಿಯು ಸುಮಾರು ೨೨ ಲಕ್ಷ ಟನ್ನುಗಳು. ಅದರಲ್ಲಿ ಅರ್ಧವನ್ನು ಜನರು ಕಾಡಿನ ಸೌದೆಯಂತೆ ಬಂಡೆಗಳಿಂದ ಕಿತ್ತು ತಂದಿದ್ದರು, ಇನ್ನರ್ಧವನ್ನು ಬೆಳೆಸಿದ್ದರು. ೨೦೧೯ರಲ್ಲಿ ದೊರೆತುದು ಸುಮಾರು ೩ ಕೋಟಿ ೫೮ ಲಕ್ಷ ಟನ್ನು. ಅದರಲ್ಲಿ ನೂರಕ್ಕೆ ೯೭ ಭಾಗ ಬೆಳೆಸಿದ್ದೇ. ಐವತ್ತು ವರ್ಷಗಳಲ್ಲಿ ಒಂದು ಕಾಡುವಸ್ತುವು ಬೇಸಾಯದ ಬೆಳೆಯಾಗಿ ಬದಲಾಯಿಸಿತು. ನೆಲದ ಮೇಲೆ ಇಂಥ ಬದಲಾವಣೆಗೆ ಸಾವಿರಾರು ವರ್ಷಗಳು ಹಿಡಿದುವು.

ಇಲ್ಲಿ ಬೆಳೆಸುವುದಕ್ಕೂ ಸಾಕುವುದಕ್ಕೂ ಇರುವ ಭೇದವನ್ನು ಮನಸ್ಸಿನಲ್ಲಿಡಬೇಕು. ನಮ್ಮ ರಾಗಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಒಕ್ಕಲಿಗನು ಒಳ್ಳೆಯ ತೆನೆಗಳನ್ನು ಆರಿಸಿ ಬಿತ್ತನೆಗೆಂದು ತೆಗೆದಿಡುತ್ತಾನೆ. ಮಳೆ ಬಾರದ ವರ್ಷವಿದ್ದರೂ ಹಗೇವಿನಲ್ಲಿ ತುಂಬಿಟ್ಟ ರಾಗಿ ಕೆಡುವುದಿಲ್ಲ. ಬೀಜವು ಅವನ ಕೈಯಲ್ಲಿದೆ, ಬಿತ್ತುವ ಕಾಲವು ಅವನ ಎಣಿಕೆಯಲ್ಲಿದೆ, ಯಾವ ತೆನೆ ಮುಂದಿನ ವರ್ಷದ ತಾಯಿಯಾಗಬೇಕೆಂಬ ಆಯ್ಕೆಯೂ ಅವನದೇ. ಈ ಮೂರೂ ಕೈಗೂಡಿದಾಗಲೇ ಒಂದು ಗಿಡವನ್ನು ಸಾಕಿದೆವೆಂದು ಹೇಳಬಹುದು. ಕಡಲಿನಲ್ಲಿ ಹಗ್ಗ ಕಟ್ಟಿ ಗಿಡವನ್ನು ತೂಗುಹಾಕಿದ ಮಾತ್ರಕ್ಕೆ ಅದು ಸಾಕಿದ ಹಾಗಾಗಲಿಲ್ಲ. ಕಡಲಿನ ಹಗೇವು ಎಲ್ಲಿದೆ ಎಂಬುದನ್ನು ಕಂಡುಹಿಡಿಯುವವರೆಗೆ ಅದು ಅದೃಷ್ಟದ ಬೇಸಾಯವೇ ಸರಿ.

ಅದೃಷ್ಟದ ಬೇಸಾಯ ಎಂದೆವು. ಜಪಾನಿನ ಬೆಸ್ತರು ನೋರಿಯೆಂಬ ತಮ್ಮ ಕಡಲಪಾಚಿಯನ್ನು ಹೆಚ್ಚುಕಡಿಮೆ ಈ ಅರ್ಥದ ಹೆಸರಿನಿಂದಲೇ ಕರೆಯುತ್ತಿದ್ದರು. ಅನ್ನವನ್ನು ಸುತ್ತಿ ತಿನ್ನಲು ಅವರು ಉಪಯೋಗಿಸುವ ಕಪ್ಪುಹಸುರು ಬಣ್ಣದ ತೆಳ್ಳನೆಯ ಹಾಳೆಯು ಈ ಪಾಚಿಯಿಂದ ಆದುದು. ಈಗಿನ ಟೋಕಿಯೋ ನಗರವು ಎಡೋ ಎಂದು ಕರೆಯಿಸಿಕೊಳ್ಳುತ್ತಿದ್ದ ಕಾಲದಲ್ಲಿಯೇ, ಅದರ ಕೊಲ್ಲಿಯ ಆಳವಿಲ್ಲದ ನೀರಿನಲ್ಲಿ ಬೆಸ್ತರು ಮರದ ರೆಂಬೆಗಳನ್ನೂ ಬಿದಿರಿನ ಕವಲುಗಳನ್ನೂ ಸಾಲುಸಾಲಾಗಿ ನೆಡುತ್ತಿದ್ದರು. ಶರತ್ಕಾಲದಲ್ಲಿ ನೆಟ್ಟ ರೆಂಬೆಗಳ ಮೇಲೆ ಕೆಲವು ವಾರಗಳಲ್ಲಿ ನವುರಾದ ನೇರಿಳೆ ಬಣ್ಣದ ಎಲೆಗಳು ಚಿಗುರುತ್ತಿದ್ದುವು. ಚಳಿಗಾಲವೆಲ್ಲ ಅದನ್ನು ಕೊಯ್ದು, ಕೊಚ್ಚಿ, ಕಾಗದ ಮಾಡುವ ಕ್ರಮದಲ್ಲಿಯೇ ಚೌಕಟ್ಟಿನ ಮೇಲೆ ಹರಡಿ ಒಣಗಿಸುತ್ತಿದ್ದರು. ವಸಂತವು ಕಳೆಯುತ್ತಲೂ ಎಲೆಗಳು ಕರಗಿ ಮಾಯವಾಗುತ್ತಿದ್ದುವು. ಬೇಸಗೆಯಲ್ಲಿ ಎಷ್ಟು ಹುಡುಕಿದರೂ ಒಂದು ಚೂರೂ ಸಿಕ್ಕುತ್ತಿರಲಿಲ್ಲ. ಮತ್ತೆ ಶರತ್ಕಾಲದಲ್ಲಿ, ಎಲ್ಲಿಂದಲೋ, ರೆಂಬೆಗಳ ಮೇಲೆ ಚಿಗುರು ಹತ್ತುತ್ತಿತ್ತು. ಕೆಲವು ವರ್ಷ ಹತ್ತುತ್ತಲೂ ಇರಲಿಲ್ಲ.

ಈ ಬೆಸ್ತರು ದಡ್ಡರಾಗಿರಲಿಲ್ಲ. ಯಾವ ಸ್ಥಳದಲ್ಲಿ ಚಿಗುರು ಚೆನ್ನಾಗಿ ಹತ್ತುವುದೋ ಅಲ್ಲಿ ರೆಂಬೆಗಳನ್ನು ಮೊದಲು ನೆಟ್ಟು, ಅನಂತರ ಅವನ್ನು ಕಿತ್ತು, ನದಿಯ ಗೊಬ್ಬರದ ನೀರು ಬಂದು ಸೇರುವ ಮುಖಗಳಿಗೆ ಸಾಗಿಸಿ ನೆಡುವ ಉಪಾಯವನ್ನು ೧೯ನೆಯ ಶತಮಾನದಲ್ಲಿ ಕಂಡುಕೊಂಡಿದ್ದರು. ಇದು ನಾವು ಬತ್ತದ ಸಸಿಮಡಿಯಿಂದ ಗದ್ದೆಗೆ ನಾಟಿ ಮಾಡಿದಂತೆಯೇ ಆಯಿತು. ಆದರೆ ಸಸಿಮಡಿಗೆ ಬೀಜವನ್ನು ಚೆಲ್ಲುತ್ತಿದ್ದವರು ತಾವಲ್ಲ, ಸಮುದ್ರ. ಸಮುದ್ರವು ಬೀಜವನ್ನು ಬೇಸಗೆಯಲ್ಲಿ ಎಲ್ಲಿ ಅಡಗಿಸಿಡುತ್ತದೆಂಬುದು ಇನ್ನೂರು ವರ್ಷಗಳಿಗೂ ಮೇಲ್ಪಟ್ಟು ಬೇಸಾಯ ನಡೆದರೂ ಯಾರಿಗೂ ತಿಳಿದಿರಲಿಲ್ಲ. ಎರಡನೆಯ ಮಹಾಯುದ್ಧವು ಮುಗಿದಮೇಲಿನ ವರ್ಷಗಳಲ್ಲಿ ಬೆಳೆಯು ಸತತವಾಗಿ ಕೆಟ್ಟು, ಕರಾವಳಿಯ ಸಾವಿರಾರು ಕುಟುಂಬಗಳು ಕಂಗೆಟ್ಟುವು.

ಉತ್ತರವು ಬಂದುದು ಜಪಾನಿನಿಂದಲ್ಲ, ಇಂಗ್ಲೆಂಡಿನ ಮ್ಯಾಂಚೆಸ್ಟರಿನಿಂದ. ಲ್ಯಾಂಕಷೈರಿನಲ್ಲಿ ೧೯೦೧ರಲ್ಲಿ ಹುಟ್ಟಿದ ಕ್ಯಾಥ್ಲೀನ್ ಡ್ರೂ ಎಂಬಾಕೆಯು ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕಿಯಾಗಿದ್ದಳು. ೧೯೨೮ರಲ್ಲಿ ಬೇಕರ್ ಎಂಬವರನ್ನು ವಿವಾಹವಾದಳು. ವಿವಾಹಿತೆಯರಿಗೆ ಅಧ್ಯಾಪನದ ಉದ್ಯೋಗವಿಲ್ಲವೆಂಬುದು ಆಗಿನ ನಿಯಮ. ಆದುದರಿಂದ ಕೆಲಸವು ಹೋಯಿತು. ಸಂಬಳವಿಲ್ಲದ ಸಂಶೋಧಕಿಯಾಗಿ ಆಕೆ ತನ್ನ ಪಾಚಿಗಳ ಅಭ್ಯಾಸವನ್ನು ಮುಂದುವರಿಸಿದಳು. ಉಬ್ಬರವಿಳಿತಗಳನ್ನು ಅನುಕರಿಸುವ ಒಂದು ತೊಟ್ಟಿಯನ್ನು ಪತಿಯೇ ಆಕೆಗೆ ಕಟ್ಟಿಕೊಟ್ಟನೆಂದು ತಿಳಿದುಬರುತ್ತದೆ.

ಆಕೆ ನೋಡುತ್ತಿದ್ದುದು ನೋರಿಯನ್ನಲ್ಲ, ಅದರ ದಾಯಾದಿಯಾದ ಬ್ರಿಟಿಷ್ ಕರಾವಳಿಯ ಪಾರ್ಫೈರವನ್ನು. ವೇಲ್ಸಿನ ಜನರು ಇದನ್ನು ಬೇಯಿಸಿ ರೊಟ್ಟಿಯಂತೆ ಮಾಡಿ ತಿನ್ನುತ್ತಾರೆ. ಇದರ ಬೀಜಾಣುಗಳನ್ನು ಗಾಜಿನ ಪಾತ್ರೆಯಲ್ಲಿ ಇಟ್ಟರೆ ಸಣ್ಣ ಎಳೆಗಳಾಗಿ ಬೆಳೆದು ಸೊರಗುತ್ತಿದ್ದುವು. ಆಕೆ ಪಾತ್ರೆಯಲ್ಲಿ ಮೊಟ್ಟೆಯ ಓಡನ್ನೂ ಸಿಂಪಿಯ ಚಿಪ್ಪನ್ನೂ ಇಟ್ಟು ನೋಡಿದಳು. ಎಳೆಗಳು ಚಿಪ್ಪನ್ನು ಕೊರೆದು ಒಳಹೊಕ್ಕು, ಅಲ್ಲಿ ಗುಲಾಬಿ ಬಣ್ಣದ ಮಚ್ಚೆಗಳಾಗಿ ಹರಡಿಕೊಂಡು ಸೊಗಸಾಗಿ ಬೆಳೆದುವು. ಈ ಮಚ್ಚೆಗಳು ಶಾಸ್ತ್ರಜ್ಞರಿಗೆ ಹೊಸವಲ್ಲ. ೧೮೯೨ರಲ್ಲಿಯೇ ಬ್ಯಾಟರ್ಸ್ ಎಂಬ ವಿದ್ವಾಂಸನು ಇವನ್ನು ಚಿಪ್ಪಿನೊಳಗೆ ವಾಸಿಸುವ ಬೇರೊಂದು ಪಾಚಿಯೆಂದು ವರ್ಣಿಸಿ ಕಾಂಕೋಸೆಲಿಸ್ ಎಂದು ಹೆಸರಿಟ್ಟಿದ್ದನು. ಬಂಡೆಯ ಮೇಲಿನ ಎಲೆಯೂ ಚಿಪ್ಪಿನೊಳಗಿನ ಮಚ್ಚೆಯೂ ಒಂದೇ ಗಿಡದ ಎರಡು ಅವಸ್ಥೆಗಳು. ಕಂಬಳಿಹುಳವೂ ಪಾತರಗಿತ್ತಿಯೂ ಒಂದೇ ಆದಂತೆ! ಡ್ರೂ-ಬೇಕರ್ ಇದನ್ನು ೧೯೪೯ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನವಾಗಿ ಪ್ರಕಟಿಸಿದಳು.

ಜಪಾನಿನ ಕ್ಯೂಷು ವಿಶ್ವವಿದ್ಯಾನಿಲಯದ ಸೆಗಾವಾ ಎಂಬ ಪಂಡಿತರು ಇದರ ಮಹತ್ವವನ್ನು ಕೂಡಲೇ ಗ್ರಹಿಸಿದರು. ನೋರಿಯ ವಿಷಯದಲ್ಲಿಯೂ ಹೀಗೆಯೇ ಇರಬೇಕಲ್ಲವೆ? ಪರೀಕ್ಷಿಸಿದಾಗ ಹಾಗೆಯೇ ಇದ್ದಿತು. ವಸಂತದಲ್ಲಿ ಎಲೆಯಿಂದ ಹೊರಟ ಬೀಜಾಣುಗಳು ಕಡಲತಳದ ಚಿಪ್ಪುಗಳನ್ನು ಹೊಕ್ಕು ಬೇಸಗೆಯನ್ನು ಅಲ್ಲಿ ಕಳೆಯುತ್ತವೆ. ಶರತ್ಕಾಲದಲ್ಲಿ ಹಗಲು ಕುಗ್ಗಿ ನೀರು ತಣ್ಣಗಾದಾಗ ಅಲ್ಲಿಂದ ಬೇರೆ ಬಗೆಯ ಬೀಜಾಣುಗಳು ಹೊರಬಂದು ರೆಂಬೆಗಳನ್ನು ಹಿಡಿಯುತ್ತವೆ. ಬಿರುಗಾಳಿಯು ತಳದ ಚಿಪ್ಪುಗಳನ್ನು ಕೊಚ್ಚಿಕೊಂಡು ಹೋದರೆ, ಅಥವಾ ಅವನ್ನು ಕೆಸರಿನಲ್ಲಿ ಹೂಳಿದರೆ, ಆ ವರ್ಷದ ಬಿತ್ತನೆಯೇ ಹೋದಂತೆ. ಇನ್ನೂರು ವರ್ಷಗಳ ಅದೃಷ್ಟ ದುರದೃಷ್ಟಗಳ ಗುಟ್ಟು ಇಷ್ಟೇ ಆಗಿದ್ದಿತು. ಹಗೇವು ಅವರ ಕಾಲಡಿಯಲ್ಲಿಯೇ, ಅವರು ತಿಂದೆಸೆದ ಸಿಂಪಿಗಳ ಚಿಪ್ಪಿನಲ್ಲಿಯೇ ಇದ್ದಿತು.

ಮುಂದಿನ ನಾಲ್ಕೈದು ವರ್ಷಗಳಲ್ಲಿ ಕುಮಾಮೊಟೊ ಪ್ರಾಂತದ ಓಟಾ ಎಂಬವರೂ ಇತರರೂ ಕೃತಕ ಬಿತ್ತನೆಯ ಕ್ರಮವನ್ನು ರೂಢಿಗೆ ತಂದರು. ಇಂದು ಬೇಸಗೆಯಲ್ಲಿ ಸಿಂಪಿಯ ಚಿಪ್ಪುಗಳನ್ನು ಕೋಣೆಯೊಳಗಿನ ತೊಟ್ಟಿಗಳಲ್ಲಿ ಸಾಲಾಗಿ ಜೋಡಿಸಿ, ಬೆಳಕನ್ನೂ ಉಷ್ಣತೆಯನ್ನೂ ಬೇಕಾದಂತೆ ಹೊಂದಿಸುತ್ತಾರೆ. ಶರತ್ಕಾಲದಲ್ಲಿ ದೊಡ್ಡ ಚಕ್ರಕ್ಕೆ ಬಲೆಗಳನ್ನು ಸುತ್ತಿ ತೊಟ್ಟಿಯಲ್ಲಿ ತಿರುಗಿಸಿದರೆ, ಹೊರಬಿದ್ದ ಬೀಜಾಣುಗಳು ನೂಲಿಗೆ ಹತ್ತಿಕೊಳ್ಳುತ್ತವೆ. ಇದಕ್ಕಿಂತಲೂ ವಿಚಿತ್ರವಾದುದು ಇನ್ನೊಂದಿದೆ. ಎಳೆಯ ಚಿಗುರು ಹತ್ತಿದ ಬಲೆಯನ್ನು ಅರೆಬರೆ ಒಣಗಿಸಿ, ಸೊನ್ನೆಗಿಂತ ೨೦ ಡಿಗ್ರಿ ಕೆಳಗಿನ ಶೈತ್ಯದಲ್ಲಿ ಮಡಿಸಿಟ್ಟರೆ ಚಿಗುರು ಸಾಯುವುದಿಲ್ಲ. ತಿಂಗಳುಗಳಾದಮೇಲೂ ನೀರಿಗೆ ಇಳಿಸಿದರೆ ಮೊದಲಿನಂತೆಯೇ ಬೆಳೆಯತೊಡಗುತ್ತದೆ. ಮೊದಲ ಬೆಳೆಗೆ ರೋಗ ಬಂದಿತೆಂದರೆ ಅದನ್ನು ತೆಗೆದುಹಾಕಿ ಉಗ್ರಾಣದಿಂದ ಎರಡನೆಯದನ್ನು ತಂದು ಕಟ್ಟುತ್ತಾರೆ.

ಡ್ರೂ-ಬೇಕರ್ ಜಪಾನನ್ನು ಒಮ್ಮೆಯೂ ನೋಡಲಿಲ್ಲ, ೧೯೫೭ರಲ್ಲಿ ತೀರಿಕೊಂಡಳು. ಅರಿಯಾಕೆ ಸಮುದ್ರದ ಅಂಚಿನಲ್ಲಿ ಉಟೋ ಎಂಬಲ್ಲಿ ನೋರಿಯ ಬೇಸಾಯಗಾರರು ೧೯೬೩ರಲ್ಲಿ ಆಕೆಗೆ ಒಂದು ಸ್ಮಾರಕವನ್ನು ನಿಲ್ಲಿಸಿದರು. ಪ್ರತಿ ವರ್ಷ ಏಪ್ರಿಲ್ ೧೪ರಂದು ಅಲ್ಲಿ ಆಕೆಯ ಹೆಸರಿನಲ್ಲಿ ಉತ್ಸವವು ನಡೆಯುತ್ತದೆ. ಬೀಜವನ್ನು ಕೈಗಿತ್ತವರನ್ನು ರೈತರು ಮರೆಯುವುದಿಲ್ಲ.

ಬೀಜವು ಕೈಗೆ ಬಂದಕೂಡಲೇ ಆಯ್ಕೆಯೂ ಕೈಗೆ ಬಂದಿತು. ಉದ್ದವಾಗಿ ಬೆಳೆಯುವ, ಬೇಗ ಮುಪ್ಪಾಗದ ಎಲೆಗಳನ್ನು ಬೇಸಾಯಗಾರರು ಆರಿಸಿ ಮುಂದುವರಿಸಿದರು. ೧೯೬೦ರ ದಶಕದಿಂದ ಈಚೆಗೆ ನರವಾ ಎಂದು ಹೆಸರಾದ ಒಂದು ಬಗೆಯು ಹೆಚ್ಚುಕಡಿಮೆ ಎಲ್ಲ ಬಲೆಗಳನ್ನೂ ಆಕ್ರಮಿಸಿತು. ಹಿಂದೆ ಎಡೋ ಕೊಲ್ಲಿಯಲ್ಲಿ ಬೆಳೆಯುತ್ತಿದ್ದ, ಅಸಾಕುಸಾ ನೋರಿಯೆಂದು ಪ್ರಖ್ಯಾತವಾಗಿದ್ದ ಮೂಲ ಜಾತಿಯು ಇಂದು ಜಪಾನಿನ ಸರಕಾರದ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ಕೆಲವು ನದೀಮುಖಗಳಲ್ಲಿ ಮಾತ್ರ ಕಾಣಸಿಕ್ಕುತ್ತದೆ. ಸಾಕಿದ ಬೆಳೆಯ ಹಿಂದೆ ಅದರ ಕಾಡು ಬಂಧುಗಳು ಮರೆಯಾಗುವ ಕಥೆಯು ನೆಲದಲ್ಲಿ ನಡೆದಂತೆ ನೀರಿನಲ್ಲಿಯೂ ನಡೆಯಿತು. ಮುಂದೆ ಒಂದು ರೋಗ ಬಂದಾಗ ನಿರೋಧಶಕ್ತಿಯನ್ನು ಎರವಲು ತರಬೇಕಾದುದು ಈ ಬಂಧುಗಳಿಂದಲೇ ಅಲ್ಲವೆ?

ಬೀಜ ಕೈಯಲ್ಲಿದ್ದರೂ ನೀರು ಕೈಯಲ್ಲಿರುವುದಿಲ್ಲ ಎಂಬುದನ್ನೂ ನೋರಿಯೇ ಕಲಿಸಿತು. ೨೦೦೦-೨೦೦೧ರ ಚಳಿಗಾಲದಲ್ಲಿ ಅರಿಯಾಕೆ ಸಮುದ್ರದಲ್ಲಿ ಸೂಕ್ಷ್ಮಪಾಚಿಗಳು ಉಕ್ಕೆದ್ದು ನೀರಿನ ಪೋಷಕದ್ರವ್ಯವನ್ನೆಲ್ಲ ಕಬಳಿಸಿದುವು. ನೋರಿಯು ಬಣ್ಣಗೆಟ್ಟು ಬೆಲೆಯಿಲ್ಲದಾಯಿತು. ೧೯೯೭ರಲ್ಲಿ ಇಸಹಾಯ ಕೊಲ್ಲಿಯನ್ನು ಒಡ್ಡು ಹಾಕಿ ಮುಚ್ಚಿದುದೇ ಕಾರಣವೆಂದು ಬೆಸ್ತರು ಹೇಳಿದರು. ವ್ಯಾಜ್ಯವು ನ್ಯಾಯಾಲಯಗಳಲ್ಲಿ ಬಹುಕಾಲ ನಡೆಯಿತು. ಸೆಟೋ ಒಳನಾಡು ಸಮುದ್ರದಲ್ಲಿ ಇದಕ್ಕಿಂತಲೂ ಸೋಜಿಗದ ಸಂಗತಿಯಾಯಿತು. ಅಲ್ಲಿ ಕೊಳಚೆಯನ್ನು ತಡೆದು ನೀರನ್ನು ಎಷ್ಟು ಶುದ್ಧಮಾಡಿದರೆಂದರೆ ನೋರಿಗೆ ಸಾರಜನಕವೇ ಸಾಲದೆ ಹೋಯಿತು. ೨೦೨೧ರಲ್ಲಿ ಕಾನೂನನ್ನು ತಿದ್ದಿ, ಪೋಷಕದ್ರವ್ಯಗಳನ್ನು ಅಳತೆಯಿಂದ ಸಮುದ್ರಕ್ಕೆ ಬಿಡಲು ಅವಕಾಶ ಕಲ್ಪಿಸಬೇಕಾಯಿತು! ಕಡಲಪಾಚಿಗೆ ಗೊಬ್ಬರ ಬೇಡ, ಸಿಹಿನೀರು ಬೇಡ, ನೆಲ ಬೇಡ ಎಂದು ಹೇಳುವುದುಂಟು. ಕೊನೆಯ ಎರಡು ನಿಜ. ಮೊದಲನೆಯದು, ನಗರಗಳೂ ನದಿಗಳೂ ಗೊಬ್ಬರವನ್ನು ತಾವೇ ಒದಗಿಸುತ್ತಿರುವವರೆಗೆ ಮಾತ್ರ ನಿಜ.

ಚೀನಾದ ಕಡೆಗೆ ತಿರುಗೋಣ. ಅಲ್ಲಿನವರು ಶತಮಾನಗಳಿಂದ ಜಪಾನಿನ ಉತ್ತರ ಭಾಗದ ಕೊಂಬು ಎಂಬ ಕಂದು ಪಾಚಿಯನ್ನು ಕೊಂಡು ತಿನ್ನುತ್ತಿದ್ದರು. ತಮ್ಮ ಕರಾವಳಿಯಲ್ಲಿ ಅದು ಇರಲಿಲ್ಲ. ೧೯೨೭ರ ಸುಮಾರಿನಲ್ಲಿ ಅದು ಡಾಲಿಯನ್ ಬಂದರಿಗೆ ಯಾರೂ ಕರೆಯದೆಯೇ, ಹಡಗುಗಳ ಸಂಗಡ ಬಂದು ನೆಲಸಿತು. ಅಮೆರಿಕದಲ್ಲಿ ವ್ಯಾಸಂಗ ಮಾಡಿ ಹಿಂದಿರುಗಿ ಚಿಂಗ್‌ಡಾವ್‌ನಲ್ಲಿ ನೆಲಸಿದ ತ್ಸೆಂಗ್ ಚೆಂಗ್‌ಕ್ವೈ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ೧೯೫೦ರ ದಶಕದಲ್ಲಿ ಇದನ್ನು ಬೆಳೆಯನ್ನಾಗಿ ಮಾಡಿದರು. ಇಲ್ಲಿಯೂ ಬೇಸಗೆಯೇ ಶತ್ರು. ಶರತ್ಕಾಲದಲ್ಲಿ ಬೀಜಾಣು ಹಿಡಿದರೆ ಗಿಡವು ಬಲಿಯುವಷ್ಟರಲ್ಲಿ ಸೆಕೆ ಬಂದುಬಿಡುತ್ತಿತ್ತು. ಅವರು ಬೇಸಗೆಯ ಆರಂಭದಲ್ಲಿಯೇ ಬೀಜಾಣುಗಳನ್ನು ನೂಲಿನ ಪರದೆಗಳ ಮೇಲೆ ಹಿಡಿದು, ಹತ್ತು ಡಿಗ್ರಿಯ ಆಸುಪಾಸಿಗೆ ತಣಿಸಿದ ಕಡಲನೀರನ್ನು ಅವುಗಳ ಮೇಲೆ ಹರಿಯಿಸಿ, ಎಳೆಯ ಸಸಿಗಳನ್ನು ಮನೆಯೊಳಗೆ ಬೆಳೆಸಿದರು. ಹೊರಗಿನ ಸಮುದ್ರವು ತಣ್ಣಗಾಗುತ್ತಲೂ ತೇಲುವ ಹಗ್ಗಗಳಿಗೆ ಕಟ್ಟಿದರು. ಇದರಿಂದ ಎರಡು ಮೂರು ತಿಂಗಳ ಬೆಳವಣಿಗೆಯು ಲಾಭವಾಯಿತು. ನೀರಿನಲ್ಲಿ ಸಾರಜನಕ ಕಡಿಮೆಯಿದ್ದೆಡೆಯಲ್ಲಿ, ಗೊಬ್ಬರ ತುಂಬಿದ ಮಣ್ಣಿನ ಕುಡಿಕೆಗಳನ್ನು ಹಗ್ಗಕ್ಕೆ ಕಟ್ಟಿ, ಅದು ಮಣ್ಣಿನ ಮೂಲಕ ಮೆಲ್ಲಗೆ ಒಸರುವಂತೆ ಮಾಡಿದರು. ಮಡಕೆಯ ಈ ಉಪಾಯವು ನಮಗೆ ಬಹಳ ಹಿಡಿಸುತ್ತದೆ. ೧೯೬೦ರ ದಶಕದಲ್ಲಿ ಫಾಂಗ್ ತ್ಸೊಂಗ್‌ಷಿ ಮೊದಲಾದವರು ಸೆಕೆಯನ್ನು ಹೆಚ್ಚು ತಾಳಿಕೊಳ್ಳುವ ‘ಹೈಚಿಂಗ್ ೧’ ಎಂಬ ತಳಿಯನ್ನು ಹೊರತಂದರು. ತಣ್ಣೀರಿನ ಈ ಗಿಡವು ಫುಜಿಯನ್ ಪ್ರಾಂತದವರೆಗೂ ದಕ್ಷಿಣಕ್ಕೆ ಇಳಿದಿದೆ.

ಇಷ್ಟರವರೆಗೆ ಹೇಳಿದ್ದು ಗೆದ್ದವರ ಕಥೆ. ಇನ್ನು ನಮ್ಮ ದೇಶಕ್ಕೆ ಹತ್ತಿರವಾದ, ಇನ್ನೂ ಗೆಲ್ಲದಿರುವ ಒಂದು ಬೆಳೆಯ ವಿಷಯಕ್ಕೆ ಬರೋಣ. ಐಸ್ ಕ್ರೀಮು, ಹಲ್ಲುಜ್ಜುವ ಪೇಸ್ಟು, ಚಾಕೊಲೇಟು ಬೆರಸಿದ ಹಾಲು ಇವುಗಳಲ್ಲಿ ನೀರೂ ಜಿಡ್ಡೂ ಬೇರೆಯಾಗದಂತೆ ಹಿಡಿದಿಡುವ ಕ್ಯಾರಜೀನನ್ ಎಂಬ ಅಂಟುಂಟು. ಇದನ್ನು ಕೊಡುವ ಕಪ್ಪಾಫೈಕಸ್ ಎಂಬ ಬಿಸಿನೀರಿನ ಪಾಚಿಯನ್ನು ಹವಾಯಿಯ ಪ್ರಾಧ್ಯಾಪಕರಾದ ಮ್ಯಾಕ್ಸ್‌ವೆಲ್ ಡೋಟಿ ಎಂಬವರೂ ಸ್ಥಳೀಯರೂ ಸೇರಿ ಫಿಲಿಪ್ಪೀನ್ಸಿನ ದಕ್ಷಿಣದಲ್ಲಿ ೧೯೭೦ರ ದಶಕದ ಮೊದಲಲ್ಲಿ ಬೆಳೆಗೆ ತಂದರು. ಇದರ ಬೇಸಾಯವು ಅತಿ ಸುಲಭ. ಕಬ್ಬಿನ ತುಂಡಿನಂತೆ ಪಾಚಿಯ ತುಂಡನ್ನು ಹಗ್ಗಕ್ಕೆ ಕಟ್ಟಿದರೆ ಸಾಕು, ಬೆಳೆಯುತ್ತದೆ. ತೊಟ್ಟಿ ಬೇಡ, ಸೂಕ್ಷ್ಮದರ್ಶಕವೂ ಬೇಡ. ಇಂಡೊನೇಷ್ಯ, ಜಾಂಜಿಬಾರ್ ಮೊದಲಾದೆಡೆಗಳ ಬಡ ಕರಾವಳಿಗಳಿಗೆ ಇದು ಬೇಗನೆ ಹಬ್ಬಿದುದು ಈ ಸೌಲಭ್ಯದಿಂದಲೇ.

ಭಾರತಕ್ಕೆ ಇದನ್ನು ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆಯವರು ತಂದು, ೧೯೯೦ರ ದಶಕದಲ್ಲಿ ರಾಮೇಶ್ವರದ ಬಳಿಯ ಮಂಡಪಂನಲ್ಲಿ ಬೆಳೆಸಿ ನೋಡಿದರು. ೨೦೦೦ದ ಈಚೆಗೆ ಅಲ್ಲಿನ ಬೆಸ್ತರ ಹೆಂಗಸರು ಸಂಘಗಳನ್ನು ಕಟ್ಟಿಕೊಂಡು ಇದನ್ನು ಜೀವನೋಪಾಯವನ್ನಾಗಿ ಮಾಡಿಕೊಂಡರು. ಅದಕ್ಕೆ ಮೊದಲು ಈ ಹೆಂಗಸರಲ್ಲಿ ಅನೇಕರು ಮುಳುಗು ಹಾಕಿ ಹವಳದ ಬಂಡೆಗಳಿಂದ ಅಗರಿನ ಪಾಚಿಯನ್ನು ಕೀಳುತ್ತಿದ್ದರು. ಬೇಸಾಯದ ಲೆಕ್ಕವು ಹೀಗೆ: ಮೂರು ಮೀಟರು ಚದರದ ಒಂದು ಬಿದಿರು ತೆಪ್ಪಕ್ಕೆ ಸುಮಾರು ೬೦ ಕಿಲೋ ತುಂಡುಗಳನ್ನು ಕಟ್ಟುತ್ತಾರೆ. ೪೫ ದಿವಸಗಳಲ್ಲಿ ಅದು ನಾಲ್ಕರಷ್ಟಾಯಿತೆನ್ನಿ. ೬೦ ಕಿಲೋ ಮತ್ತೆ ಬಿತ್ತನೆಗೆ ಹೋಯಿತು. ಉಳಿದ ೧೮೦ ಕಿಲೋವನ್ನು ಮರಳಿನ ಮೇಲೆ ಒಣಗಿಸಿದರೆ ಹತ್ತಕ್ಕೆ ಒಂದರಂತೆ ೧೮ ಕಿಲೋ ಕೈಗೆ ಬರುತ್ತದೆ. ಸಂಸಾರವು ನಡೆಯಬೇಕಾದುದು ಆ ಹದಿನೆಂಟರಿಂದ; ಮುಂದಿನ ತೆಪ್ಪವು ನಿಂತಿರುವುದು ಆ ಅರುವತ್ತರ ಮೇಲೆ.

ಆ ಅರುವತ್ತು ಕಿಲೋ ಇರುವುದಾದರೂ ಎಲ್ಲಿ? ಬೆಳೆ ಇರುವ ನೀರಿನಲ್ಲಿಯೇ. ಇಲ್ಲಿ ಬಿತ್ತನೆ ಬೇರೆ ಬೆಳೆ ಬೇರೆ ಅಲ್ಲ. ನೀರು ಅತಿಯಾಗಿ ಕಾದರೆ, ಅಥವಾ ಮಳೆಯಿಂದ ಉಪ್ಪು ತೀರ ಕಡಿಮೆಯಾದರೆ, ಕೊಂಬೆಗಳು ಬಿಳಿಚಿಕೊಂಡು ಮೆತ್ತಗಾಗಿ ಮುರಿದು ಬೀಳುತ್ತವೆ. ಬೇಸಾಯಗಾರರು ಇದಕ್ಕೆ ‘ಐಸ್ ಐಸ್’ ರೋಗವೆಂದು ಹೆಸರಿಟ್ಟಿದ್ದಾರೆ. ೨೦೧೩ರಲ್ಲಿ ಮಂಡಪದ ಕಡಲು ಹೀಗೆ ಕಾದಾಗ ಬೆಳೆಯೂ ಹೋಯಿತು, ಬಿತ್ತನೆಯೂ ಹೋಯಿತು. ಅನಂತರದ ವರ್ಷಗಳಲ್ಲಿ ಇಳುವರಿಯು ಬಹಳವಾಗಿ ಕುಸಿಯಿತು. ಉಣ್ಣುವ ರಾಗಿಯ ಸಂಗಡ ಬಿತ್ತುವ ರಾಗಿಯೂ ಒಂದೇ ಬೆಂಕಿಯಲ್ಲಿ ಬೆಂದರೆ ರೈತನ ಪಾಡೇನಾಗಬಹುದೋ ಅದೇ ಪಾಡು ಈ ಹೆಂಗಸರದಾಯಿತು. ಇದರ ಮೇಲೆ, ದೇಶದೇಶಗಳಲ್ಲಿ ಬೆಳೆಯುತ್ತಿರುವ ಕಪ್ಪಾಫೈಕಸ್ ಬಹುಮಟ್ಟಿಗೆ ಒಂದೇ ಮೂಲದ ತುಂಡಿನ ತುಂಡುಗಳೆಂದು ವಂಶವಾಹಿಗಳ ಪರೀಕ್ಷೆಯಿಂದ ತಿಳಿದುಬಂದಿದೆ. ಒಂದು ಗಿಡಕ್ಕೆ ಬಂದ ರೋಗವನ್ನು ತಾಳಲು ಪಕ್ಕದ ಗಿಡದಲ್ಲಿ ಬೇರೆ ಗುಣವಿರುವುದಿಲ್ಲ.

ಕಬ್ಬಿನ ಹೋಲಿಕೆಯನ್ನು ನಾವು ಸುಮ್ಮನೆ ತರಲಿಲ್ಲ. ಕಬ್ಬನ್ನೂ ನಮ್ಮ ದೇಶದಲ್ಲಿ ತಲೆತಲಾಂತರದಿಂದ ತುಂಡಿನಿಂದಲೇ ಬೆಳೆಸುತ್ತಿದ್ದರು. ೧೯೧೨ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬಿನ ತಳಿಗಳ ಸಂಸ್ಥೆಯು ಪ್ರಾರಂಭವಾಯಿತು. ಅಲ್ಲಿ ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ಎಂಬ ಮಹನೀಯರು ಕಬ್ಬಿನ ಹೂವಿನಿಂದ ಬೀಜವನ್ನು ಪಡೆದು, ಕಾಡುಕಬ್ಬಿನೊಡನೆ ಬೆರಕೆ ಮಾಡಿ, ೧೯೧೮ರಲ್ಲಿ ‘ಕೊ ೨೦೫’ ಎಂಬ ತಳಿಯನ್ನು ಹೊರತಂದರು. ಆಮೇಲೆ ಬಂದ ‘ಕೊ’ ತಳಿಗಳನ್ನು ಮಂಡ್ಯದ ರೈತರೂ ಬಲ್ಲರು. ಕಪ್ಪಾಫೈಕಸ್‌ಗೆ ಇನ್ನೂ ಅದರ ಕೊಯಮತ್ತೂರು ಸಿಕ್ಕಿಲ್ಲ. ಫಿಲಿಪ್ಪೀನ್ಸಿನಲ್ಲಿ ಕಾಡುಗಿಡಗಳ ಬೀಜಾಣುಗಳಿಂದ ಹೊಸ ಸಸಿಗಳನ್ನು ಪಡೆಯುವ ಪ್ರಯತ್ನಗಳು ನಡೆದಿವೆ. ನಮ್ಮಲ್ಲಿ ಮಂಡಪದ ವಿಜ್ಞಾನಿಗಳು ಅಂಗಾಂಶದ ಚೂರುಗಳಿಂದ ಗಾಜಿನ ಪಾತ್ರೆಯಲ್ಲಿ ಸಸಿಗಳನ್ನು ಎಬ್ಬಿಸಿ ಬೇಸಾಯಗಾರರಿಗೆ ಹಂಚಿದ್ದಾರೆ. ಇದು ಒಳ್ಳೆಯ ಕೆಲಸವೇ. ಬಿತ್ತನೆಗೆ ಕಡಲಿನ ಹೊರಗೆ ಒಂದು ನೆಲೆಯಾದರೂ ದೊರೆತಂತಾಯಿತು. ಆದರೆ ಅದರಿಂದ ಬರುವುದು ಹಳೆಯ ತಳಿಗೆ ಹೊಸ ಹುರುಪು, ಹೊಸ ತಳಿಯಲ್ಲ.

ಬೀಜಾಣುವಿನಿಂದ ಬೆಳೆಸುವುದೇ ದಾರಿಯಾದರೆ ತಡವೇಕೆ ಎಂದು ಕೇಳಬಹುದು. ಇಲ್ಲಿ ಒಂದು ಇಕ್ಕಟ್ಟಿದೆ. ಇದು ಹೊರನಾಡಿನ ಗಿಡ. ೧೯೭೦ರ ದಶಕದಲ್ಲಿ ಹವಾಯಿಯ ಕಾನಿಯೋಹೆ ಕೊಲ್ಲಿಗೆ ತಂದುಬಿಟ್ಟದ್ದು ಹವಳದ ದಿಬ್ಬಗಳ ಮೇಲೆ ಹಬ್ಬಿ, ಅದನ್ನು ಹೀರಿ ತೆಗೆಯಲು ಯಂತ್ರವನ್ನೇ ಕಟ್ಟಬೇಕಾಯಿತು. ಉಳಿದುದನ್ನು ಮೇಯಲು ಕಡಲಮುಳ್ಳುಜೀವಿಗಳನ್ನು ಸಾಕಿ ಬಿಡಬೇಕಾಯಿತು. ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದಲ್ಲಿಯೂ ಅದು ಹವಳಗಳ ಮೇಲೆ ಹಬ್ಬಿರುವುದು ೨೦೦೮ರಲ್ಲಿ ವರದಿಯಾಯಿತು. ಭಾರತದ ಪಾಚಿಶಾಸ್ತ್ರಕ್ಕೆ ಮೂಲಪುರುಷರೆನಿಸಿದ ಎಂ. ಓ. ಪಾರ್ಥಸಾರಥಿ ಅಯ್ಯಂಗಾರ್ಯರು ೧೯೨೭ರಲ್ಲಿ ಅಲ್ಲಿನ ಸಸ್ಯಗಳನ್ನು ವರ್ಣಿಸಿ ಬರೆದ ದ್ವೀಪವೇ ಇದು. ೧೯೮೬ರಿಂದ ಸಾಗರ ರಾಷ್ಟ್ರೀಯ ಉದ್ಯಾನದ ಭಾಗವಾಗಿದೆ. ಬರಿಯ ತುಂಡುಗಳಿಂದಲೇ ಇಷ್ಟು ಹಬ್ಬಿದ ಗಿಡಕ್ಕೆ ಯಥೇಚ್ಛವಾಗಿ ಬೀಜಾಣು ಚೆಲ್ಲುವ ಶಕ್ತಿಯನ್ನೂ ನಾವೇ ಕೊಟ್ಟರೆ? ತಳಿಗಾರನಿಗೆ ಬೇಕಾದ ಗುಣವೇ ಹವಳಕ್ಕೆ ಕಂಟಕವಾದೀತು. ಆದುದರಿಂದ ಅಲ್ಲಿನವೇ ಆದ ಗ್ರ್ಯಾಸಿಲೇರಿಯ ಮೊದಲಾದ ಪಾಚಿಗಳನ್ನು ಬೀಜಾಣುವಿನಿಂದ ಬೆಳೆಸುವ ಕೆಲಸಕ್ಕೆ ಹಣವನ್ನೂ ಬುದ್ಧಿಯನ್ನೂ ಹೆಚ್ಚಾಗಿ ಹಾಕುವುದು ಮೇಲೆಂದು ನಮಗೆ ತೋರುತ್ತದೆ. ಬೆಳೆ ನಿಧಾನವಾಗಬಹುದು, ತಪ್ಪಿಸಿಕೊಂಡು ಹೋದರೂ ತವರಿಗೇ ಹೋಯಿತು. ೨೦೨೦ರಲ್ಲಿ ಕೇಂದ್ರ ಸರಕಾರವು ಕಡಲಪಾಚಿಗಾಗಿ ಐದು ವರ್ಷಗಳಿಗೆ ೬೪೦ ಕೋಟಿ ರೂಪಾಯಿಗಳನ್ನು ಗೊತ್ತುಮಾಡಿತು. ೨೦೨೪ರಲ್ಲಿ ಜೀವಂತ ಪಾಚಿಯನ್ನು ಹೊರದೇಶಗಳಿಂದ ತರಿಸಲು ನಿಯಮಗಳನ್ನು ಹೊರಡಿಸಿ, ಬಂದ ತುಂಡುಗಳನ್ನು ಪ್ರತ್ಯೇಕವಾಗಿ ಇರಿಸಿ ಪರೀಕ್ಷಿಸಬೇಕೆಂದು ವಿಧಿಸಿತು.

ಕಡಲಪಾಚಿಯು ಇಂಗಾಲಾಮ್ಲವನ್ನು ಹೀರಿ ಲೋಕದ ಸೆಕೆಯನ್ನೇ ಇಳಿಸಿಬಿಡುತ್ತದೆಂದು ಕೆಲವರು ಈಚೆಗೆ ಹೇಳತೊಡಗಿದ್ದಾರೆ. ತಿಂದ ಪಾಚಿಯಲ್ಲಿದ್ದ ಇಂಗಾಲವು ತಿಂದವನ ಉಸಿರಿನಲ್ಲಿ ಹಿಂದಕ್ಕೆ ಹೋಗುತ್ತದೆಂಬುದನ್ನು ಇವರು ಮರೆಯುತ್ತಾರೆ. ನೀರಿನ ಹೆಚ್ಚುವರಿ ಸಾರಜನಕ ರಂಜಕಗಳನ್ನು ಅದು ಹೀರುವುದು ಮಾತ್ರ ನಿಸ್ಸಂದೇಹ. ಚೀನಾದ ಸಾಂಗೌ ಕೊಲ್ಲಿಯಲ್ಲಿ ಸಿಂಪಿಗಳನ್ನೂ ಕೊಂಬುವನ್ನೂ ಒಂದೇ ನೀರಿನಲ್ಲಿ ಬೆಳೆಸಿ, ಒಂದರ ಮಲಿನವನ್ನು ಇನ್ನೊಂದರ ಗೊಬ್ಬರವನ್ನಾಗಿ ಮಾಡಿಕೊಂಡಿದ್ದಾರೆ.

ಕನ್ನಡ ಕರಾವಳಿಯಲ್ಲಿ ಇದು ಸಾಧ್ಯವೆ ಎಂಬ ಪ್ರಶ್ನೆಯು ಸಹಜ. ಕಾರವಾರದಿಂದ ಉಳ್ಳಾಲದವರೆಗೆ ಸುಮಾರು ಮುನ್ನೂರು ಕಿಲೋಮೀಟರು ಕಡಲಂಚಿದೆ. ಬಂಡೆಗಳ ಮೇಲೆ ಪಾಚಿಗಳೂ ಇವೆ. ಆದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ತೆಪ್ಪ ನಿಲ್ಲುವ ಕಡಲಲ್ಲ ನಮ್ಮದು. ಅಲೆಯ ಹೊಡೆತವು ಒಂದು. ಕಾಳಿ, ಅಘನಾಶಿನಿ, ಶರಾವತಿ, ನೇತ್ರಾವತಿಗಳು ತಂದು ಸುರಿಯುವ ಸಿಹಿನೀರು ಇನ್ನೊಂದು. ಬೇಸಾಯಕ್ಕೆ ಉಳಿಯುವುದು ಆರೇಳು ತಿಂಗಳು. ಪ್ರತಿ ಅಕ್ಟೋಬರಿನಲ್ಲಿ ಬಿತ್ತನೆಯ ತುಂಡುಗಳನ್ನು ಹೊರಗಿನಿಂದ ತರಿಸುವುದಾದರೆ ಅದರ ಸಾಗಣೆಯ ವೆಚ್ಚವೇ ಲಾಭವನ್ನು ನುಂಗೀತು. ಮಳೆಗಾಲವೆಲ್ಲ ತೊಟ್ಟಿಗಳಲ್ಲಿ ಕಾಪಾಡುವುದಾದರೆ ಟನ್ನುಗಟ್ಟಲೆ ಪಾಚಿಗೆ ತೊಟ್ಟಿ ಬೇಕು, ಕಡಲನೀರು ಬೇಕು, ವಿದ್ಯುತ್ತು ಬೇಕು. ಬೀಜಾಣುವಿನ ಅವಸ್ಥೆಯನ್ನು ಇರಿಸುವುದಾದರೆ ಕೆಲವು ಸೀಸೆಗಳು ಸಾಕು. ಜಪಾನಿಗೆ ಬೇಸಗೆ ಹೇಗೋ ನಮಗೆ ಮಳೆಗಾಲ ಹಾಗೆ.

ಇದರಲ್ಲಿ ಪ್ರಕೃತಿಯ ಒಂದು ವಿನೋದವೂ ಉಂಟು. ನೋರಿಯ ಕುಟುಂಬಕ್ಕೇ ಸೇರಿದ ಒಂದು ಪಾಚಿಯು ಕೊಂಕಣ ಮತ್ತು ಗೋವೆಯ ಬಂಡೆಗಳ ಮೇಲೆ ತಾನಾಗಿ ಬೆಳೆಯುತ್ತದೆ. ವಿಯೆಟ್ನಾಮಿನ ಹೆಸರನ್ನು ಹೊತ್ತ ಈ ಜಾತಿಯು ಕಾಣಿಸಿಕೊಳ್ಳುವುದು ಮಳೆಗಾಲದಲ್ಲಿಯೇ. ದೋಣಿಗಳೆಲ್ಲ ದಡದ ಮೇಲೆ ಬೋರಲಾಗಿ ಮಲಗಿರುವಾಗ, ತೆರೆಗಳು ಅಪ್ಪಳಿಸುವ ಬಂಡೆಗಳಲ್ಲಿ ಅದರ ತೆಳುವಾದ ಕಂದುನೇರಿಳೆ ಎಲೆಗಳು ಹೊಳೆಯುತ್ತಿರುತ್ತವೆ. ಮಳೆ ನಿಂತು, ಕಡಲು ತಣಿದು, ಬೆಸ್ತರು ದೋಣಿಗಳನ್ನು ನೀರಿಗೆ ನೂಕುವ ಹೊತ್ತಿಗೆ ಬಂಡೆಗಳು ಬರಿದಾಗುತ್ತವೆ. ಅದರ ಕುಲದ ಕ್ರಮದಂತೆ, ಮುಂದಿನ ಜೂನಿನವರೆಗೆ ಅದು ಯಾವುದಾದರೂ ಚಿಪ್ಪಿನೊಳಗೆ ಗುಲಾಬಿ ಬಣ್ಣದ ಮಚ್ಚೆಯಾಗಿ ಕುಳಿತಿರಬೇಕು.